ಅತ್ತೆಯ ಗಂಟೆ, ಭೂಪನ ಭಕ್ತಿ

ಶ್ರಾವಣ ಹುಟ್ಟುವುದರೊಳಗೆ ಈ ನಾಯಿಯನ್ನು ಇಡೀ ಶಿಕಾರಿಪುರದಲ್ಲೇ ಅತ್ಯಂತ ಸಭ್ಯ ನಾಯಿಯನ್ನಾಗಿ ಮಾಡದಿದ್ದರೆ ನನ್ನ ಹೆಸರು ಚನ್ನೇಶನೇ ಅಲ್ಲ! ಹೀಗೆಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಾಗ ನನ್ನ ಹೆಂಡತಿ ವಾಣಿಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಹೊಸ ಹೆಸರು ಯಾವ್ದು ಅಂತ ಈಗ್ಲೇ ಹೇಳಿಬಿಡ್ರಿ. ರೇಷನ್ ಕಾರ್ಡಲ್ಲಿ ಬದಲಾಯಿಸೋಕೆ ಟೈಮ್ ಹಿಡೀತೈತೆ" ಎಂದಳು.

ನನ್ನನ್ನು ಏನೆಂದುಕೊಂಡಿದ್ದಾಳೆ ಇವಳು? ನಾನು ಸರ್ವೇಯರ್! ಇಪ್ಪತ್ತು ವರ್ಷಗಳಿಂದಲೂ, ಕುಡುಗೋಲು ಹಿಡಿದು ನಿಂತ ಅಣ್ಣತಮ್ಮಂದಿರ ನಡುವೆ ನುಗ್ಗಿ ಹದ್ದುಬಸ್ತು ಮಾಡಿ ಕಲ್ಲು ನೆಡಿಸಿದವನು. ನನ್ನ ಒಂದು ಕೂಗಿಗೆ ಎಂಥೆಂಥ ಪಟೇಲರ ಮೊಮ್ಮಕ್ಕಳೂ ಬದುವಿನಿಂದ ಆಚೆ ಸರಿದಿದ್ದಾರೆ. ಹತ್ತು ತಿಂಗಳ ಒಂದು ನಾಯಿ ಯಾವ ಲೆಕ್ಕ?

ನಾಯಿಯ ಹೆಸರು ಭೂಪ. ಅಂಜನಾಪುರದ ಕಾಲುವೆಯ ಪಕ್ಕ ಅಳತೆ ಮಾಡುವಾಗ ಬಾಂದುಕಲ್ಲಿನ ಮೇಲೆ ಕುಳಿತು ಚಳಿಗೆ ನಡುಗುತ್ತಿದ್ದ ಮುಷ್ಟಿಯಷ್ಟು ಮರಿ. ಸರ್ವೆ ಚೀಲದೊಳಗೆ ಹಾಕಿಕೊಂಡು ಬಂದಿದ್ದೆ. ಆರು ತಿಂಗಳವರೆಗೆ ಬಂಗಾರದಂಥ ಮರಿ. ಕರೆದರೆ ಬರುತ್ತಿತ್ತು, ಕೂರು ಎಂದರೆ ಕೂರುತ್ತಿತ್ತು. ಏಳನೆಯ ತಿಂಗಳು ಬಿತ್ತು ನೋಡಿ, ಕಿವಿಯೇ ಕೇಳಿಸದವನಂತಾದ! ಕರೆದರೆ ಆಕಾಶ ನೋಡುತ್ತಿದ್ದ. ನನ್ನ ಎಡಗಾಲಿನ ಚಪ್ಪಲಿಗಳನ್ನು ಮಾತ್ರ ಆರಿಸಿ ಆರಿಸಿ ತಿನ್ನುತ್ತಿದ್ದ. ಯುಗಾದಿಗೆ ಬಂದಿದ್ದ ನಮ್ಮತ್ತೆ ಮಹಾದೇವಮ್ಮನವರ ಇಳಕಲ್ ಸೀರೆಯನ್ನು ಹಗ್ಗದಿಂದ ಎಳೆದು ಬಸ್ ಸ್ಟ್ಯಾಂಡಿನವರೆಗೆ ಮೆರವಣಿಗೆ ಮಾಡಿಸಿದ. ಹಿಂದೆ ನಾನು ಬನಿಯನ್ನಿನಲ್ಲಿ!

ಅತ್ತೆ ಸೊರಬಕ್ಕೆ ಹೊರಡುವಾಗ ಒಂದೇ ಮಾತು ಹೇಳಿದ್ದರು. "ಶ್ರಾವಣಕ್ಕೆ ಬರ್ತೀನಿ ಅಳಿಯಂದ್ರೇ. ಅಷ್ಟೊತ್ತಿಗೆ ಇದಕ್ಕೆ ಬುದ್ಧಿ ಬಂದಿರ್ಬೇಕು. ಇಲ್ದಿದ್ರೆ ನಮ್ಮ ಆಳು ಈಶ್ವರನ ಕೈಲಿ ಕೊಟ್ಟು ಬಂದಳಿಕೆ ಹತ್ರದ ಮೆಕ್ಕೆಜೋಳದ ಹೊಲಕ್ಕೆ ಕಟ್ಟಿಸ್ತೀನಿ. ಹಂದಿ ಓಡಿಸ್ಕೊಂಡು ಬಿದ್ದಿರ್ಲಿ."

ಚಪ್ಪಲಿ ತಿಂದರೂ ನನ್ನ ನಾಯಿ ಸ್ವಾಮಿ! ಸಂಜೆ ನನ್ನ ಬೈಕಿನ ಸದ್ದು ಕೇಳಿ ಗೇಟಿಗೆ ಎಗರುವ ಜೀವ ಈ ಮನೆಯಲ್ಲಿ ಅದೊಂದೇ.

ಮೊದಲ ವಾರ ನನಗೆ ಗೊತ್ತಿದ್ದ ವಿದ್ಯೆಯನ್ನೇ ಪ್ರಯೋಗಿಸಿದೆ. ಕೂಗುವುದು, ಕೋಲು ತೋರಿಸುವುದು. ನನ್ನ ಕೂಗಿಗೆ ಪಕ್ಕದ ಮನೆಯಿಂದ ಆತಿಫಾ ಓಡಿ ಬಂದಳು. ಹಾಸಿಗೆ ಅಂಗಡಿ ಹುಸೇನ್ ಸಾಹೇಬರ ಮಗಳು, ಶಿವಮೊಗ್ಗದಲ್ಲಿ ದನದ ಡಾಕ್ಟರ್ ಓದು ಮುಗಿಸಿ ಮನೆಗೆ ಬಂದಿದ್ದಳು.

"ಅಂಕಲ್, ಯಾಕೆ ಹಿಂಗೆ ಕೂಗ್ತೀರಿ? ಅವನಿಗೀಗ ಹರೆಯ. ಮೈ ಬೆಳೆದೈತೆ, ತಲೆ ಇನ್ನೂ ಬೆಳೀಬೇಕು. ಕೂಗಿದ್ರೆ ಹೆದರ್ತಾನೆ, ಕಲಿಯಲ್ಲ. ನೋಡಿ, ಆಕಳಿಸ್ತಿದಾನೆ, ತುಟಿ ನೆಕ್ಕೊಳ್ತಿದಾನೆ. ಅದು ಕೊಬ್ಬಲ್ಲ, ಗಾಬರಿ. ಮೊದಲು ಅವನ ಮನಸ್ಸಿಗೆ ಏನಾಗ್ತಿದೆ ಅಂತ ಕೇಳಿ."

"ನಾಯಿನ ಕೇಳೋದಾ?"

"ಹ್ಞೂಂ. ಮೆತ್ತಗೆ."

ಕೇಳಿದೆ. ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತು, "ಭೂಪಾ, ನಿಂಗೀಗ ಬೇಜಾರಾಗಿದೆ, ಅಲ್ವಾ? ಹೆದರಿಕೆ ಆಗಿದೆ, ಅಲ್ವಾ? ಕೂತ್ಕೊ ಮರಿ" ಎಂದೆ. ತಿರುಗಿ ನೋಡಿದರೆ ವಾಣಿಶ್ರೀ ಬಟ್ಟೆ ಬುಟ್ಟಿ ಹಿಡಿದು ನಿಂತಿದ್ದಾಳೆ.

"ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು" ಎಂದಳು. "ನಂಗೆ ಒಂದಿನ ಹಿಂಗೆ ಕೇಳಿದ್ದು ಐತಾ?"

"ನೀನು ಯಾವತ್ತು ಚಪ್ಪಲಿ ತಿಂದಿದೀಯಾ?" ಎಂದೆ. ಆ ರಾತ್ರಿ ನನಗೆ ರೊಟ್ಟಿಯ ಜೊತೆ ಪಲ್ಯ ಸಿಗಲಿಲ್ಲ.

ಆತಿಫಾಳ ವಿಧಾನ ಸರಳವಾಗಿತ್ತು. ನಾಯಿ ಸಮಾಧಾನದಿಂದ ಕುಳಿತ ಆ ಗಳಿಗೆಯಲ್ಲೇ ಒಂದು ಸದ್ದು. ಸದ್ದಾದ ತಕ್ಷಣ ಅದಕ್ಕೆ ಪ್ರಾಣಕ್ಕಿಂತ ಹೆಚ್ಚಾದ ತಿಂಡಿ. ಸದ್ದು ದಿನಾ ಒಂದೇ ಥರ ಇರಬೇಕು. ತಿಂಡಿ ಮಾತ್ರ ಬೊಂಬಾಟಾಗಿರಬೇಕು.

ಇಲ್ಲೇ ನಾನು ಎಡವಿದ್ದು. ಎರಡೂ ಕಡೆ!

ತಿಂಡಿಯ ವಿಷಯ ಮೊದಲು. ನಮ್ಮದು ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನೂ ಗೋಡೆಗೆ ಹಾಕದ ಮನೆ. ಭೂಪನಿಗೆ ಮಜ್ಜಿಗೆ ಅನ್ನ. ಮಜ್ಜಿಗೆ ಅನ್ನಕ್ಕಾಗಿ ಯಾವ ಹರೆಯದವನು ಬುದ್ಧಿ ಕಲಿಯುತ್ತಾನೆ? ಬಿಸ್ಕತ್ತು ತೋರಿಸಿದರೆ ಮೂಸಿ ನನ್ನ ಮುಖ ನೋಡಿದ. ಕೊನೆಗೆ ಆತಿಫಾಳೇ ಬೇಯಿಸಿದ ಕೋಳಿ ಲಿವರಿನ ಚೂರುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಾಂಪೌಂಡಿನ ಮೇಲಿಂದ ಕೊಟ್ಟಳು. "ಆಂಟಿಗೆ ಹೇಳಿದೀರಿ ತಾನೆ?" ಎಂದು ಕೇಳಿದಳು. "ಓಹೋ!" ಎಂದೆ. ಡಬ್ಬಿ ಸರ್ವೆ ಚೀಲದ ತಳ ಸೇರಿತು.

ಇನ್ನು ಸದ್ದು. ತಟ್ಟೆಗೆ ಚಮಚ ಬಡಿದೆ. "ಇನ್ನೂ ಅಕ್ಕಿ ಇಟ್ಟಿಲ್ಲ, ಅದೇನು ಅವಸರ!" ಎಂದು ಒಳಗಿಂದ ಬೈಗುಳ ಬಂತು. ಸೈಕಲ್ ಬೆಲ್ ಒತ್ತಿದೆ. ನಾಲ್ಕು ಮನೆಯವರು ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದರು. ಆಗ ಕಣ್ಣಿಗೆ ಬಿದ್ದದ್ದು ದೇವರ ಮನೆಯ ಕಪಾಟಿನಲ್ಲಿ ಕೆಂಪು ಬಟ್ಟೆ ಸುತ್ತಿಟ್ಟಿದ್ದ ಕಂಚಿನ ಗಂಟೆ. ಹಿಡಿಯ ಮೇಲೆ ನಂದಿ. ಅತ್ತೆಯ ಅಜ್ಜಿಯ ಕಾಲದ್ದು. ಅತ್ತೆ ಬಂದಾಗ ಮಾತ್ರ ಹೊರಗೆ ಬರುವಂಥದ್ದು. ಟಣ್ ಎಂದರೆ ಮೂರು ಬೀದಿಗೆ ಕೇಳಬೇಕು, ಅಂಥ ನಾದ! ಪ್ರತಿದಿನ ವಾಣಿಶ್ರೀ ವಾಕಿಂಗ್ ಹೋದಾಗ ಗಂಟೆ ಹಿತ್ತಲಿಗೆ ಬರುತ್ತಿತ್ತು. ಟಣ್! ಲಿವರ್. ಟಣ್! ಲಿವರ್. ಆಮೇಲೆ ತೊಳೆದು, ಒರೆಸಿ, ಬಟ್ಟೆ ಸುತ್ತಿ ಇಡುತ್ತಿದ್ದೆ. ತೊಳೆದೇ ಇಡುತ್ತಿದ್ದೆ, ನನ್ನಾಣೆಗೂ!

ಫಲ ಕೇಳಬೇಕೆ? ಟ್ರ್ಯಾಕ್ಟರ್ ಕಂಡರೆ ಹುಚ್ಚನಂತೆ ಬೊಗಳುತ್ತಿದ್ದವನು ಇಪ್ಪತ್ತನೆಯ ದಿನ ಟ್ರ್ಯಾಕ್ಟರನ್ನು ನೋಡಿದ, ನನ್ನನ್ನು ನೋಡಿದ, ಸುಮ್ಮನೆ ಕುಳಿತ. ಬೊಗಳಬೇಕೆನ್ನುವ ಆಸೆಯನ್ನು ನುಂಗಿಕೊಂಡು ಗಂಟಲು ಕುಲುಕಿಸಿದ. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಹೆದರಿಕೊಂಡೇ ಬೊಗಳುತ್ತಿದ್ದ ಜೀವಕ್ಕೆ ನಾನು ಇಷ್ಟು ದಿನ ಕೋಲು ತೋರಿಸುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಅತ್ತೆ ಬಂದರು. ಭೂಪ ಸೀರೆ ಮುಟ್ಟಲಿಲ್ಲ, ಎಗರಲಿಲ್ಲ. ನಾನು ಮೀಸೆ ತಿರುವಿದೆ. ಈ ಸಂಭ್ರಮದಲ್ಲಿ ಒಂದು ಸಣ್ಣ ಸಂಗತಿ ನನ್ನ ತಲೆಗೇ ಹೊಳೆಯಲಿಲ್ಲ. ಅದು ಹೊಳೆದದ್ದು ಮರುದಿನ ಬೆಳಗ್ಗೆ, ಅತ್ತೆ ಮಡಿಯುಟ್ಟು ಪೂಜೆಗೆ ಕುಳಿತು ಕೆಂಪು ಬಟ್ಟೆ ಬಿಚ್ಚಿ ಟಣ್ ಎನ್ನಿಸಿದಾಗ!

ಹಿತ್ತಲಲ್ಲಿದ್ದ ಭೂಪ ಅರ್ಧ ಬಾಗಿಲು ಹಾರಿದ. ಅಡುಗೆಮನೆಯ ಕೊಡ ಉರುಳಿತು. ನನ್ನ ಕಾಲಸಂದಿಯಲ್ಲಿ ನುಗ್ಗಿದ. ನಾನು ಚಹಾ ಸಮೇತ ಸೋಫಾದ ಮೇಲೆ ಬಿದ್ದೆ. ಅವನು ದೇವರ ಮನೆಯ ಹೊಸ್ತಿಲ ಮುಂದೆ ಬ್ರೇಕ್ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕಿವಿ ನಿಮಿರಿಸಿ, ಕುಳಿತ. ಒಂದು ಸೊಲ್ಲಿಲ್ಲ. ಕಣ್ಣು ಗಂಟೆಯ ಮೇಲೆ.

ಅತ್ತೆ ಗಂಟೆ ಕೆಳಗಿಟ್ಟರು. "ವಾಣೀ! ಬಾರೇ ಇಲ್ಲಿ! ನೋಡೇ ಮಾರಾಯ್ತಿ, ಎಂಥ ಭಕ್ತಿ! ಮನುಷ್ಯರೇ ಪೂಜೆ ಹೊತ್ತಿಗೆ ಮೊಬೈಲ್ ನೋಡ್ತಾರೆ" ಎಂದು ನನ್ನತ್ತ ನೋಡಿ, "ಬಾಯಲ್ಲಿ ನೀರು ಸುರಿಸ್ತಾ ಪ್ರಸಾದಕ್ಕೆ ಹೆಂಗೆ ಕಾಯ್ತಿದಾನೆ ನೋಡು!" ಎಂದರು.

ಭೂಪನ ಹಣೆಗೆ ವಿಭೂತಿ ಬಿತ್ತು. ಬಾಯಿಗೆ ಬಾಳೆಹಣ್ಣಿನ ಚೂರು ಬಿತ್ತು. ಅವನು ಅದನ್ನು ಬಾಯಲ್ಲಿಟ್ಟುಕೊಂಡೇ ನನ್ನ ಕಡೆ ತಿರುಗಿ, ಇದೇನು ಮೋಸ ಎನ್ನುವ ಮುಖ ಮಾಡಿದ.

ವಾರದಲ್ಲಿ ಸುದ್ದಿ ಬೀದಿಯೆಲ್ಲ ಹಬ್ಬಿತು. ಯಾರ ಮನೆಯಲ್ಲಿ ಗಂಟೆಯಾದರೂ ಭೂಪ ಅಲ್ಲಿ ಹಾಜರ್! ಎದುರು ಮನೆ ಸದಾಶಿವಪ್ಪನವರು ರಿಟೈರ್ ಆದಮೇಲೆ ಮೊದಲ ಸಲ ಬೆಳಗ್ಗೆ ಸ್ನಾನ ಮಾಡಿ ಪೂಜೆಗೆ ಕುಳಿತರು. ನಾಯಿ ಬಂದು ಕಾಯುತ್ತಿದ್ದರೆ ಮಲಗಿರುವುದಕ್ಕೆ ನಾಚಿಕೆಯಾಗುತ್ತದಂತೆ. ಹೆಂಗಸರು ನಮ್ಮ ಮನೆಗೆ ಬಂದು ಅವನ ಕೊರಳಿಗೆ ಚೆಂಡು ಹೂ ಹಾಕಿದರು. ಅವನು ಹೂ ತಿಂದ. ಅದಕ್ಕೂ ಕೈ ಮುಗಿದರು.

ನಗು ತಡೆದುಕೊಂಡು ನಾನು ಹಿಗ್ಗುತ್ತಿರುವಾಗಲೇ ಅತ್ತೆ ಬಾಂಬ್ ಹಾಕಿದರು. "ಅಳಿಯಂದ್ರೇ, ಶ್ರಾವಣ ಮುಗಿದ್ಮೇಲೆ ಭೂಪನ್ನ ಸೊರಬಕ್ಕೆ ಕರ್ಕೊಂಡ್ ಹೋಗ್ತೀನಿ. ನಮ್ಮ ದೇವರ ಮನೆ ಮುಂದೆ ಇರ್ಲಿ. ನೀವು ಬಿಡಿ, ಬರೀ ಕೂಗ್ತಾ ಇರ್ತೀರಿ."

ಬುದ್ಧಿ ಕಲಿಯದಿದ್ದರೆ ಬಂದಳಿಕೆಗೆ, ಕಲಿತರೆ ಸೊರಬಕ್ಕೆ! ನಿಜ ಹೇಳಿದರೆ ನಾಯಿ ಉಳಿಯುತ್ತದೆ, ನಾನು ಉಳಿಯುವುದಿಲ್ಲ. ಪೂಜೆಯ ಗಂಟೆ ಬಾರಿಸಿ ಲಿವರ್ ತಿನ್ನಿಸಿದೆ ಎಂದು ಯಾವ ಬಾಯಿಯಿಂದ ಹೇಳಲಿ? ಮೂರು ಸಲ "ಅತ್ತೇ..." ಎಂದು ಶುರು ಮಾಡಿದೆ. ಮೂರು ಸಲವೂ "ಉಪ್ಪಿಟ್ಟು ಚೆನ್ನಾಗಿದೆ" ಎಂದು ಮುಗಿಸಿದೆ.

ಆತಿಫಾ ಕಾಂಪೌಂಡಿನ ಆಚೆಯಿಂದ ಎಚ್ಚರಿಸಿದಳು. "ಅಂಕಲ್, ದಿನಾ ಗಂಟೆ ಆಗುತ್ತೆ, ಲಿವರ್ ಸಿಗಲ್ಲ ಅಂದ್ರೆ ಅವನಿಗೆ ಮಾತು ತಪ್ಪಿದ ಹಾಗೆ. ಸುಮ್ನಿರಲ್ಲ. ತಾನೇ ಒಂದು ದಾರಿ ಹುಡುಕ್ತಾನೆ." ಬಾಳೆಹಣ್ಣು ತಿಂದು ಸೊರಗಿದ್ದ ಅವನನ್ನು ನೋಡಲಾರದೆ ನಾನು ಮತ್ತೊಂದು ಡಬ್ಬಿ ಲಿವರ್ ಕೇಳಿ ತಂದು ಚೀಲದಲ್ಲಿಟ್ಟು, ಚೀಲವನ್ನು ಹಜಾರದ ಗೂಟಕ್ಕೆ ನೇತುಹಾಕಿದೆ. ಅದು ಶ್ರಾವಣದ ಕೊನೆಯ ಸೋಮವಾರ.

ಅಂದು ಮನೆ ತುಂಬ ಹೆಂಗಸರು. ಅತ್ತೆ ಮಂಗಳಾರತಿ ಎತ್ತಿ ಗಂಟೆ ಬಾರಿಸತೊಡಗಿದರು. ಟಣ್ ಟಣ್ ಟಣ್ ಟಣ್! ಭೂಪ ಹೊಸ್ತಿಲ ಮುಂದೆ ಕುಳಿತಿದ್ದ. ಒಂದೊಂದು ಟಣ್‌ಗೂ ಒಂದೊಂದು ಚೂರು ಬಾಕಿ! ಅವನ ಮೈ ನಡುಗಿತು. ಎದ್ದ. ಹಜಾರಕ್ಕೆ ಹೋದ. ಗೂಟಕ್ಕೆ ಎಗರಿ ಚೀಲ ಕೆಡವಿದ. ನಾನು ಹಿಡಿಯುವಷ್ಟರಲ್ಲಿ ಸ್ಟೀಲ್ ಡಬ್ಬಿಯನ್ನು ಕಚ್ಚಿಕೊಂಡು ಹೆಂಗಸರ ನಡುವೆ ಗಂಭೀರವಾಗಿ ನಡೆದು ಬಂದು ಅತ್ತೆಯ ಮುಂದೆ ಇಟ್ಟು, ಮೊದಲಿನಂತೆಯೇ ನೆಟ್ಟಗೆ ಕುಳಿತ. ಮುಚ್ಚಳ ಬಿಚ್ಚಿಕೊಂಡು ಉರುಳಿತು.

ಗಂಟೆ ನಿಂತಿತು.

"ಎಂತ ಇದು?" ಎಂದರು ಅತ್ತೆ.

ನನ್ನ ತಲೆ ಕೆಟ್ಟಿತು. ಕಲಿತ ವಿದ್ಯೆಯೆಲ್ಲ ಹಾರಿಹೋಯಿತು. "ಏಯ್ ಭೂಪಾ! ಹಾಳಾದವನೇ! ಮಾನ ಕಳೆದ್ಯಲ್ಲೋ!" ಎಂದು ಮೂಲೆಯ ಕೋಲಿಗೆ ಕೈ ಹಾಕಿದೆ. ನಾಯಿ ಕಿವಿ ಮಡಚಿ, ಬಾಲ ಒಳಗೆಳೆದು, ತುಟಿ ನೆಕ್ಕಿಕೊಂಡಿತು.

ವಾಣಿಶ್ರೀ ಎದ್ದು ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡಳು. ಎಷ್ಟು ಮೆತ್ತಗೆ ಅಂತೀರಿ! "ರೀ. ನಿಮಗೀಗ ಹೆದರಿಕೆ ಆಗಿದೆ, ಅಲ್ವಾ? ಅವಮಾನ ಆಗಿದೆ, ಅಲ್ವಾ? ಕೂತ್ಕೊಳ್ರಿ."

ನಾನು ಕುಳಿತೆ. ನೆಲದ ಮೇಲೆ, ಭೂಪನ ಪಕ್ಕ. ಕುಳಿತು ಎಲ್ಲವನ್ನೂ ಒಪ್ಪಿಕೊಂಡೆ. ಗಂಟೆ, ಲಿವರ್, ಹಿತ್ತಲು, ಎಲ್ಲ. ಹೆಂಗಸರಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದರು. ಆಮೇಲೆ ಇಡೀ ಹಜಾರವೇ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಡಬ್ಬಿಯನ್ನು ಕಾಲಿನಿಂದ ಹೊಸ್ತಿಲಾಚೆ ಸರಿಸಿ, "ತಿನ್ನೋ ಹೊರಗೆ" ಎಂದು ಭೂಪನಿಗೆ ಹೇಳಿದರು.

"ಅದು ಎಂತ ತಪ್ಪು ಮಾಡ್ತು?" ಎಂದು ನನ್ನ ಕಡೆ ತಿರುಗಿದರು. "ಗಂಟೆಗೆ ಬರಬೇಕು ಅಂತ ಕಲಿಸಿದ್ರಿ, ಬಂತು. ಕೂರಬೇಕು ಅಂತ ಕಲಿಸಿದ್ರಿ, ಕೂತ್ಕೊಂಡ್ತು. ಸುಳ್ಳು ಹೇಳಿದ್ದು ಯಾರು? ಅದನ್ನ ಸೊರಬಕ್ಕೂ ಒಯ್ಯಲ್ಲ, ಹೊಲಕ್ಕೂ ಕಟ್ಟಿಸಲ್ಲ. ಇಲ್ಲೇ ಇರ್ಲಿ. ಈ ಮನೇಲಿ ನಿಯತ್ತಾಗಿರೋದು ಅದೊಂದೇ."

ಭೂಪ ಉಳಿದ! ಕುಣಿಯಬೇಕೆನ್ನಿಸಿತು. ಆದರೆ ನನ್ನ ಕೈಗೆ ಆಗಲೇ ಹುಣಸೆಹಣ್ಣಿನ ಉಂಡೆ ಬಂದಿತ್ತು. ಆ ಗಂಟೆಯನ್ನು ಮೂರು ದಿನ ತಿಕ್ಕಿದೆ. ಹಿಡಿಯ ಮೇಲಿನ ನಂದಿಯ ಮುಖ ಸವೆದು ಅವನೂ ನಗುತ್ತಿರುವಂತೆ ಕಾಣತೊಡಗಿದ.

ಹೊರಡುವ ದಿನ ಅತ್ತೆ ಆ ಗಂಟೆಯನ್ನು ಮಗಳ ಕೈಗಿಟ್ಟರು. "ಇದು ಇನ್ನು ಪೂಜೆಗೆ ಬೇಡ. ನೀನೇ ಅಡುಗೆಮನೇಲಿ ಇಟ್ಕೊ. ನಿಂಗೆ ಉಪಯೋಗಕ್ಕೆ ಬರುತ್ತೆ" ಎಂದರು. ಏನು ಉಪಯೋಗವೋ ನನಗಾಗ ಅರ್ಥವಾಗಲಿಲ್ಲ. ಅಂದಿನಿಂದ ನಾನು ಕೂಗದೆ ಕುಳಿತಾಗಲೆಲ್ಲ ಅಡುಗೆಮನೆಯಿಂದ ಒಂದು ಟಣ್, ಅದರ ಹಿಂದೆಯೇ ಬಿಸಿ ತಿಂಡಿ ಬರುತ್ತಿತ್ತು.

ಮೊನ್ನೆ ಅರ್ಥವಾಯಿತು. ಆಫೀಸಿಗೆ ಹೊರಡುವ ಹೊತ್ತಿಗೆ ಎಡಗಾಲಿನ ಚಪ್ಪಲಿ ಕಾಣಲಿಲ್ಲ. "ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇರುತ್ತಾ!" ಎಂದು ಸೂರು ಹಾರಿಹೋಗುವಂತೆ ಕೂಗಿದೆ. ಅಡುಗೆಮನೆಯಿಂದ ಸದ್ದು ಬಂತು. ಟಣ್!

ಏನಾಯಿತೆಂದು ತಿಳಿಯುವ ಮೊದಲೇ ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಬಾಯಿ ಮುಚ್ಚಿತ್ತು. ಕೈ ಮುಂದೆ ಚಾಚಿತ್ತು. ಪಕ್ಕದಲ್ಲಿ ಭೂಪ. ವಾಣಿಶ್ರೀ ಬಿಸಿ ಕೋಡುಬಳೆಯ ತಟ್ಟೆ ಹಿಡಿದು ಬಂದು, ಮೊದಲನೆಯದನ್ನು ಅವನ ಬಾಯಿಗೆ ಹಾಕಿದಳು.

"ಏನೇ ಇದು, ಗಂಡನಿಗಿಂತ ನಾಯಿ ಹೆಚ್ಚಾಯ್ತಾ?" ಎಂದೆ, ಆದಷ್ಟು ಮೆತ್ತಗೆ.

"ಹಂಗೇನಿಲ್ಲ ಕಣ್ರೀ" ಎಂದಳು ಅವಳು, ಎರಡನೆಯದನ್ನು ನನ್ನ ಕೈಗಿಡುತ್ತಾ. "ಅವನು ನಿಮಗಿಂತ ಮೊದಲು ಕೂತ."