ಶಿಕ್ಷಣ ಕಾಯ್ದೆಗೆ ನಮ್ಮ ಅತ್ತೆಯ ತಿದ್ದುಪಡಿ

ಈ ದೇಶದ ಶಿಕ್ಷಣ ಕಾಯ್ದೆಯನ್ನು ತಿದ್ದುವ ಯೋಗ್ಯತೆ ಇರುವುದು ಒಬ್ಬಾಕೆಗೆ ಮಾತ್ರ. ಆಕೆ ನಮ್ಮ ಸೋದರತ್ತೆ. ನಾಲ್ಕನೇ ಇಯತ್ತೆ ನಾಪಾಸು! ಇದು ನನ್ನ ಮಾತಲ್ಲ, ಆಕೆಯದೇ. ಅಲ್ಲವೆನ್ನುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗಿದೆ? ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರ. ಆಕೆಯ ಮುಂದೆ ಮಾತ್ರ ಇವತ್ತಿಗೂ ಮೂಗು ಒರೆಸಿಕೊಳ್ಳುವ ಹುಡುಗ.

ಅತ್ತೆ ರಾಯಬಾಗದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮಕ್ಕಳನ್ನು ಅಳೆಯಲು ಆಕೆಯ ಹತ್ತಿರ ಇರುವುದು ಒಂದೇ ಸಾಧನ, ಸೌಟು.

"ಬಡವರ ಕೂಸು ಯಾವುದಂತ ನಿಮ್ಮ ಕಾರ್ಡು ಹೇಳಾಂಗಿಲ್ಲೋ, ಸೋಮವಾರ ಹೇಳ್ತೈತಿ. ಐತವಾರ ಮನ್ಯಾಗ ಉಂಡದ್ದು ಒಮ್ಮೆ ಬಡಿಸಿಕೊಂಡು ಆಡಾಕ ಓಡ್ತೈತಿ. ಉಣ್ಣದ್ದು ತಾಟು ಹಿಡಕೊಂಡು ಮೂರ ಸಲ ಬರ್ತೈತಿ!"

ಒಮ್ಮೆ ಮೇಲಿನಿಂದ ಸಾಹೇಬರೊಬ್ಬರು ಬಂದು, ಪಾಲಕರ ಸಭೆಯಲ್ಲಿ 'ದುರ್ಬಲ ವರ್ಗದ ಮಗು' ಎಂದರೆ ಯಾರೆಂದು ಅರ್ಧ ತಾಸು ಓದಿದರು. ಜಾತಿಯ ದಾಖಲೆ, ಆದಾಯದ ದಾಖಲೆ, ಅದರ ಝೆರಾಕ್ಸು, ಝೆರಾಕ್ಸಿನ ಮೇಲೆ ಸಹಿ... ಅತ್ತೆ ಅಡುಗೆ ಕೋಣೆಯಿಂದಲೇ ಕೂಗಿದಳು: "ಸಾಹೇಬ್ರ, ಇಷ್ಟ್ಯಾಕ ತ್ರಾಸು ತಗೋತೀರಿ? ಸೋಮವಾರ ಬರ್ರಿ, ಕೈ ಮಾಡಿ ತೋರಿಸ್ತೀನಿ!"

ಸಾಹೇಬರು ಮಾತಿಗೆ ತಪ್ಪಲಿಲ್ಲ, ಬಂದರು. ಶುಕ್ರವಾರ ಬಂದರು! ನಾಲ್ಕು ದಿನ ಶಾಲೆಯಲ್ಲಿ ಉಂಡ ಮಕ್ಕಳು ಕುಣಿದಾಡುತ್ತಿದ್ದವು. "ಎಲ್ಲ ಮಕ್ಕಳೂ ಸದೃಢ" ಎಂದು ಬರೆದು ಹೋದರು.

ಇಲ್ಲಿಯವರೆಗೆ ನಕ್ಕುಬಿಡಬಹುದು. ಲಕ್ಕವ್ವನ ವಿಷಯಕ್ಕೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಲಕ್ಕವ್ವ ಐದನೇ ಇಯತ್ತೆಯ ಹುಡುಗಿ. ಅಪ್ಪ ಅವ್ವ ದೀಪಾವಳಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಕೊಲ್ಲಾಪುರದ ಕಡೆ ಹೋದರೆ ತಿರುಗಿ ಬರುವುದು ಮಳೆ ಹಿಡಿದ ಮೇಲೆ. "ಕುರಿ ಕಾಯಾಕ ನಾಯಿ ಐತೆಲ್ಲಾ? ಈಕಿನ್ನ ಇಲ್ಲೇ ಬಿಟ್ಟ ಹೋಗ್ರಿ" ಎಂದು ಗದರಿಸಿ, ಅತ್ತೆ ನಾಲ್ಕು ವರ್ಷ ಆ ತಿಂಗಳುಗಳಲ್ಲಿ ಹುಡುಗಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸಿದಳು. ಊರ ಶಾಲೆ ಐದಕ್ಕೇ ಮುಗಿಯುತ್ತದೆ. ಅತ್ತೆಗೆ ಮೊಣಕಾಲು ನೋವು, ವಯಸ್ಸೂ ಆಯಿತು. ಹೆಣ್ಣುಮಕ್ಕಳ ಸರ್ಕಾರಿ ವಸತಿ ಶಾಲೆಯಲ್ಲಿ ಸೀಟು ಸಿಕ್ಕರೆ ಹತ್ತನೆಯವರೆಗೆ ಚಿಂತೆಯಿಲ್ಲ. ಸಿಗದಿದ್ದರೆ ಹುಡುಗಿ ಕುರಿಯ ಹಿಂದೆ ಹೋಗುತ್ತಾಳೆ, ಅಷ್ಟೇ.

ಅತ್ತೆಯೂ ನಾನೂ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಗುಮಾಸ್ತ ಫಾರ್ಮು ತೆಗೆದ.

"ತಂದಿ-ತಾಯಿ ತೀರಿಕೊಂಡಾರೇನ್ರಿ?"

"ಥೂ, ನಿನ್ನ ಬಾಯಾಗ ಮಣ್ಣ ಹಾಕ! ಗಟ್ಟಿಮುಟ್ಟ ಅದಾರ."

"ಹಂಗಾದ್ರ ಅನಾಥ ಅಲ್ಲ. ವಲಸಿ ಬಂದಾರೇನು?"

"ಬಂದಿಲ್ಲ, ಹೋಗ್ಯಾರ."

"ಹೋದವ್ರಿಗೆ ಕಾಲಂ ಇಲ್ರಿ. ಹುಡುಗಿ ಶಾಲಿ ಬಿಟ್ಟಾಳೇನು?"

"ಒಂದ ದಿನಾ ತಪ್ಪಿಸಿಲ್ಲ!" ಅತ್ತೆ ಎದೆಯುಬ್ಬಿಸಿ ಹೇಳಿದಳು.

ಗುಮಾಸ್ತ ಪೆನ್ನು ಕೆಳಗಿಟ್ಟ. "ಅಲ್ಲೇ ತಪ್ಪಾತ ನೋಡ್ರಿ ಅಮ್ಮಾರ. ಬಿಟ್ಟಿದ್ದಳಂದ್ರ ಮೊದಲನೇ ಸೀಟು ಈಕೀಗೇ ಇತ್ತು."

ಕೇಳಿದಿರಾ! ಶಾಲೆಗೆ ಸೇರಬೇಕಾದರೆ ಮೊದಲು ಶಾಲೆ ಬಿಟ್ಟಿರಬೇಕು! ಇಂಥ ವ್ಯಾಖ್ಯೆ ಬರೆದ ಮಹಾನುಭಾವರು ಎಂದಾದರೂ ಒಂದು ಮಗುವಿನ ಮುಖ ನೋಡಿದ್ದರೇ? ಹುಡುಗಿ ಕೊಲ್ಲಾಪುರದ ಹೊಲದಲ್ಲಿ ಕೂತಿದ್ದರೆ ವಲಸೆ ಮಗು, ಪಾಟಿಚೀಲ ಎಸೆದಿದ್ದರೆ ಶಾಲೆ ಬಿಟ್ಟ ಮಗು. ಅತ್ತೆ ಅನ್ನ ಹಾಕಿ ಓದಿಸಿದ್ದರಿಂದ ಅವಳು ಏನೂ ಅಲ್ಲದವಳಾದಳು! ಅತ್ತೆ ಟೇಬಲ್ ಗುದ್ದಿದಳು: "ಬಾವ್ಯಾಗ ಬಿದ್ದವ್ರಿಗೆ ಹಗ್ಗ ಕೊಡ್ತೀರಿ. ದಂಡಿ ಮ್ಯಾಲ ನಿಂತಾಕೀಗೆ ಮೊದಲ ಬೀಳವ್ವಾ ಅಂತೀರಿ. ಇದು ಕಾಯ್ದೆನೋ, ನಮ್ಮ ಕರ್ಮನೋ?"

ಶಾಲೆಯ ಹೆಡ್‌ಮಾಸ್ತರರು ಪಾಪ, ಉಪಕಾರ ಮಾಡಲು ಬಂದರು. "ಒಂದೆರಡ ತಿಂಗಳ ಗೈರಹಾಜರಿ ತೋರಿಸಿಬಿಡೂಣು. ಹುಡುಗಿ ಶಾಲಿಗೆ ಬರ್ಲಿ, ಹಾಜರಿ ಪುಸ್ತಕದ ಹಾಳ್ಯಾಗ ಅಷ್ಟ..." ಮಾತು ಮುಗಿಯುವಷ್ಟರಲ್ಲಿ ಸೌಟು ಮೇಲೆದ್ದಿತ್ತು.

"ಆ ಕೂಸಿಗೆ ಇರೋ ಆಸ್ತಿ ಅಂದ್ರ ಅದೊಂದ ಹಾಜರಿ. ಅದನ್ನೂ ಕಸಗೋತೀರೇನ್ರಿ?"

ಆಮೇಲೆ ಒಂದು ವಾರ ಹೆಡ್‌ಮಾಸ್ತರರು ಮನೆಯಿಂದಲೇ ಊಟದ ಡಬ್ಬಿ ತಂದರು.

ಕಡೆಗೆ ಉಳಿದದ್ದು ಫಾರ್ಮಿನ ತಳದಲ್ಲಿದ್ದ 'ಇತರೆ' ಎಂಬ ಕಾಲಂ. ಅಲ್ಲಿ ಹುಡುಗಿಯ ದುಃಸ್ಥಿತಿ ವಿವರಿಸಬೇಕು. ಒಂದು ಐತವಾರ ಅತ್ತೆಯ ಮನೆಯಲ್ಲಿ ಕೂತೆ. "ಕಲ್ಲಿಗೂ ಕರುಣಾ ಬರಬೇಕು, ಹಂಗ ಬರಿಯೋ" ಎಂದಳು. ಬರೆಯದೆ ಬಿಡುತ್ತೇನೆಯೇ? ಬರೆದು ಗಟ್ಟಿಯಾಗಿ ಓದಿದೆ: "ಸದರಿ ಬಾಲಕಿಗೆ ಸ್ವಂತ ಮನೆಯಿರುವುದಿಲ್ಲ. ವರ್ಷದ ಬಹುಕಾಲ ತಂದೆ-ತಾಯಿಯ ಆಸರೆಯಿರುವುದಿಲ್ಲ. ಎರಡು ಹೊತ್ತಿನ ಊಟಕ್ಕೆ ಗತಿಯಿರುವುದಿಲ್ಲ. ನೋಡಿಕೊಳ್ಳುವವರು ಯಾರೂ ಇರುವುದಿಲ್ಲ."

ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಲಕ್ಕವ್ವನ ಕೈ ನಿಂತಿತು. ಕಣ್ಣಲ್ಲಿ ನೀರು.

"ಪಾಪ! ಯಾರ್ರಿ ಮಾಸ್ತರ ಆ ಹುಡುಗಿ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದಳು.

"ಆಯಿ, ಆಕಿನ್ನ ನಮ್ಮ ಮನ್ಯಾಗ ಇಟ್ಕೊಳ್ಳೂಣು? ನನ್ನ ಕೌದ್ಯಾಗ ಮಲಗ್ತಾಳ."

ಊರನ್ನೇ ನಡುಗಿಸುವ ನಮ್ಮ ಅತ್ತೆ ನನ್ನ ಕಡೆ ತಿರುಗಿ, "ಬಸ್ಸಂತೂ ಹೆಂಗಸರಿಗೆ ಫುಕಟ್ ಐತಿ. ಆರನೇ ಇಯತ್ತೆಗೆ ದಿನಾ ರಾಯಬಾಗದ ಶಾಲಿಗೆ ನಾನ ಕರಕೊಂಡ ಹೋಗಿ ಬಿಟ್ಟ ಬರ್ತೀನಿ. ಮೊಣಕಾಲು ಹಾಳಾಗಿ ಹೋಗ್ಲಿ" ಎಂದಳು. ಆಮೇಲೆ ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಇಟ್ಕೊಳ್ಳೂಣು ನನ್ನವ್ವಾ, ಇಟ್ಕೊಳ್ಳೂಣು."

ನಾನು ಅರ್ಜಿ ಮಡಚಿ ಜೇಬಿಗಿಟ್ಟುಕೊಂಡೆ. ಅದನ್ನು ಯಾವ ಕಚೇರಿಗೂ ಕೊಡಲಿಲ್ಲ.