ದೇಶ ಏರಿಳಿಸುವ ಚಿಕ್ಕಜ್ಜ

ದೇಶದ ಆರ್ಥಿಕತೆ ದೆಹಲಿಯಲ್ಲಿ ಏರುತ್ತದೆ, ಇಳಿಯುತ್ತದೆ ಎಂದು ನಿಮಗೆ ಶಾಲೆಯಲ್ಲಿ ಕಲಿಸಿರಬಹುದು. ಮಕ್ಕಳೇ, ನಂಬಬೇಡಿ! ಅದು ಏರುವುದೂ ಇಳಿಯುವುದೂ ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ. ನಿಮ್ಮ ಚಿಕ್ಕಜ್ಜ ಬೆಳಿಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಅಪ್ಪಣೆ ಕೊಡುವ ತನಕ ದೇಶ ಪಾಪ, ಅಂಗಳದಲ್ಲೇ ನಿಂತು ಕಾಯುತ್ತಿರುತ್ತದೆ.

ಚಿಕ್ಕಜ್ಜ ಎಂದರೆ ನನ್ನ ಮೈದುನ, ನಿಮ್ಮ ಅಜ್ಜನ ತಮ್ಮ. ಘಟ್ಟದ ಮೇಲಿನ ದೂರದ ಊರುಗಳಲ್ಲಿ ಬ್ಯಾಂಕಿನ ಕೆಲಸ ಮಾಡಿ, ಮದುವೆಯಾಗಲೂ ಪುರುಸೊತ್ತಿಲ್ಲದೆ, ನಿವೃತ್ತರಾಗಿ ನಮ್ಮಲ್ಲಿಗೇ ಬಂದವರು. ಬೇರೆ ನಿವೃತ್ತರು ಇಸ್ಪೀಟು ಆಡುತ್ತಾರೆ, ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಾರೆ. ಇವರು ಮಾತ್ರ ದೇಶದ ಮುಂದಿನ ವರ್ಷ ಹೇಗೆ ಎಂದು ಮುನ್ಸೂಚನೆ ಕೊಡುತ್ತಾರೆ!

"ಸರಕಾರದ ಲೆಕ್ಕ ಸರಕಾರದವರು ಹೇಳ್ತಾರೆ, ಬ್ಯಾಂಕಿನದ್ದು ಬ್ಯಾಂಕಿನವರು. ಯಾರ ಹಂಗೂ ಇಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳ್ಲಿಕ್ಕೆ ಒಬ್ಬ ಬೇಡ್ವಾ ಅತ್ತಿಗೆ?"

ಬೇಕು, ಬೇಕು. ಆ ಒಬ್ಬ ನಮ್ಮ ಮನೆಯಲ್ಲೇ ಏಕಿರಬೇಕು ಎಂದು ನಾನು ಕೇಳಲಿಲ್ಲ. ನಾನು ಯಾರನ್ನು ತಾನೇ ಏನು ಕೇಳಿದವಳು?

ಅವರ ಸ್ವಾತಂತ್ರ್ಯವೆಂದರೆ ಸಾಮಾನ್ಯದ್ದಲ್ಲ. ಸಂತೆಕಟ್ಟೆಯ ತರಕಾರಿ ವ್ಯಾಪಾರಿ ಚಹಾ ತರಿಸಿದರೆ ಇವರು ಕೈಯಿಂದಲೂ ಮುಟ್ಟುವುದಿಲ್ಲ.

"ನಾಳೆ ನಿಮ್ಮ ವ್ಯಾಪಾರ ಬಿದ್ದೀತು ಅಂತ ಹೇಳ್ಬೇಕಾದೀತು."

"ಚಹಾ ಕುಡಿದೇ ಹೇಳಿ ಮಾರಾಯ್ರೆ, ಆರಿಹೋಗ್ತದೆ!"

ಆ ದಿನಗಳಲ್ಲಿ ನನಗೊಂದು ಆಸೆ ಇತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅಡಿಗೆಮನೆಯಿಂದ ಜಗಲಿಗೆ ಬರುವುದನ್ನೂ ಬಿಟ್ಟಿದ್ದೆ. ಆದರೂ ಬೀಚಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಗೂಡಂಗಡಿ ಹಾಕಿ ಕೊಟ್ಟೆ ಕಡುಬು ಮಾರಬೇಕೆಂಬ ಯೋಚನೆ ತಲೆಗೆ ಹೊಕ್ಕಿತ್ತು. ಹಲಸಿನ ಎಲೆಯಲ್ಲಿ ಕೊಟ್ಟೆ ಕಟ್ಟುವುದೊಂದೇ ನಾನು ಭಯವಿಲ್ಲದೆ ಮಾಡುವ ಕೆಲಸ. ದೇಶ ಏರುತ್ತದೆ ಎಂದು ಮೈದುನ ಹೇಳಿದ ದಿನ ಬಾಯಿಬಿಡೋಣ ಎಂದು ಕಾದೆ. ದೇಶವೋ, ಏರಲು ಒಪ್ಪುತ್ತಲೇ ಇರಲಿಲ್ಲ!

ಕಾರ್ಕಳದ ಒಂದು ಮದುವೆಗೆ ಇವರು ಹೋಗಿದ್ದರು; ಅಲ್ಲಿಯ ಕಥೆ ನನಗೆ ನೆಂಟರು ಹೇಳಿದ್ದು. ಮಟ್ಟುಗುಳ್ಳದ ಸಾಂಬಾರು ಇವರ ದೊಡ್ಡ ಅಳತೆಗೋಲು. ಬದನೆಯ ಹೋಳು ಧಾರಾಳವಾಗಿ ಬಿದ್ದರೆ ಜನರ ಕೈಯಲ್ಲಿ ದುಡ್ಡುಂಟು, ಬರೀ ರಸ ಬಿದ್ದರೆ ಹಿಂಜರಿತ. ಅಂದು ಕೊನೆಯ ಪಂಕ್ತಿಯಲ್ಲಿ ಕೂತವರಿಗೆ ರಸವೇ ಬಿತ್ತು. ಇವರು ಎಲೆಯ ಮುಂದೆಯೇ ಘೋಷಿಸಿದರು: "ಮಧ್ಯಮ ವರ್ಗ ಮುಗಿಯಿತು!"

ಬಡಿಸುವವನು ನಕ್ಕ. "ಹೋಳೆಲ್ಲ ಮೊದಲ ಪಂಕ್ತಿಗೆ ಹೋಯ್ತು ಮಾವ. ಮುಂದಿನ ಸಲ ಬೇಗ ಕೂತ್ಕೊಳ್ಳಿ, ದೇಶ ಉದ್ಧಾರ ಆಗ್ತದೆ."

ಮಳೆಗಾಲದಲ್ಲಿ ಇನ್ನೊಂದು ಪ್ರಳಯವಾಯಿತು. ಉಡುಪಿಯ ರಥಬೀದಿ ಕಡೆಯ ಮನೆಗಳಿಗೆ ತರಕಾರಿ ಹೋಗುವುದೇ ನಿಂತಿದೆ ಎಂದು ಸಂತೆಕಟ್ಟೆಯಲ್ಲಿ ಕೇಳಿ, ಅಲ್ಲಿಂದಲೇ ಕುಟುಂಬದ ವಾಟ್ಸಾಪ್ ಗುಂಪಿಗೆ ಎಚ್ಚರಿಕೆ ಕಳಿಸಿದರು. ದುಬೈಯಲ್ಲಿದ್ದ ನಿಮ್ಮ ಮಾವ ಹೆದರಿ ಫೋನ್ ಮಾಡಿದ: "ಅಮ್ಮ, ಊಟಕ್ಕೆ ಉಂಟಲ್ಲಾ?"

ಕೊನೆಗೆ ಆ ವ್ಯಾಪಾರಿಯೇ ಸಮಾಧಾನ ಮಾಡಿದ. "ಇದು ಚಾತುರ್ಮಾಸ್ಯದ ಶಾಕವ್ರತ ಅಲ್ವಾ? ಭಟ್ರ ಮನೆಗಳಲ್ಲಿ ಈ ತಿಂಗಳು ತರಕಾರಿ ತಿನ್ನುದಿಲ್ಲ. ಘಟ್ಟದ ಮೇಲೆ ಇದ್ದು ಮರೆತೇ ಹೋಯ್ತಾ ನಿಮಗೆ?"

ಇವರು ಸೋಲುತ್ತಾರೆಯೇ? "ವ್ರತವನ್ನು ಕಳೆದು ನೋಡಿದರೂ ಸ್ವಲ್ಪ ಇಳಿತ ಉಂಟು" ಎಂದರು!

ಇಂಥವರನ್ನು ನಂಬಿ ನಾನು ಅಂಗಡಿ ಹಾಕುವುದೇ? ಆದರೂ ಒಂದು ಬೆಳಿಗ್ಗೆ, ಬಾಗಿಲ ಹಿಂದೆ ನಿಂತೇ, ಕೇಳಿಬಿಟ್ಟೆ. ಅವರು ನಗಲಿಲ್ಲ. ಛತ್ರಿ ಹಿಡಿದು ಹೊರಟರು. ನಂದಿಕೂರಿನ ಕರೆಂಟಿನ ಕಾರ್ಖಾನೆಯ ಚಿಮಣಿಯ ಹೊಗೆ ನೋಡಿದರಂತೆ. ಮಣಿಪಾಲದಲ್ಲಿ ಕಾಲೇಜಿನ ಮಕ್ಕಳು ಹೋಟೆಲಿಗೆ ನುಗ್ಗುವುದನ್ನು ನಿಂತು ಗಮನಿಸಿದರಂತೆ. ಸಂಜೆ ಬಂದು, ಕಾಲು ತೊಳೆಯುವ ಮೊದಲೇ ಹೇಳಿದರು: "ಏರಿಕೆ, ಅತ್ತಿಗೆ. ಎಲ್ಲ ಕಡೆಯೂ ಏರಿಕೆ. ನಾಳೆಯೇ ಹಾಕಿ."

ಹಾಕಿದೆ. ಮೊದಲ ದಿನ ಗಿರಾಕಿ ಬಂದು "ಎಂತ ಉಂಟಮ್ಮಾ?" ಎಂದರೆ ನಾನು ಬೆರಳಿನಿಂದ ಕಡುಬಿನ ಪಾತ್ರೆ ತೋರಿಸಿದೆ. ಪಾಪ, ನಾನು ಮೂಗಿ ಎಂದುಕೊಂಡು ಆತನೂ ಕೈಸನ್ನೆಯಲ್ಲೇ ಚಟ್ನಿ ಕೇಳಿದ! ನಿಧಾನವಾಗಿ ಮಾತು ಬಂತು, ಗಿರಾಕಿಯೂ ಬಂತು. ಪಾತ್ರೆ ಮಧ್ಯಾಹ್ನದೊಳಗೆ ಖಾಲಿಯಾಗತೊಡಗಿತು. ಮೈದುನನ ಅಂದಾಜು ಒಮ್ಮೆಯಾದರೂ ಸರಿಯಾಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಆಮೇಲೊಂದು ದಿನ ಪಕ್ಕದ ಅಂಗಡಿಯ ಟೈಲರ್ ಹೇಳಿದ, "ನೀವು ಭಾರೀ ಧೈರ್ಯದವರು ಅಕ್ಕ. ನಾನು ಇನ್ನೊಂದು ಮಿಶನ್ ಹಾಕ್ತೇನೆ ಅಂದಾಗ ನಿಮ್ಮ ಮೈದುನ ಬೇಡವೇ ಬೇಡ ಅಂದ್ರು. ಈ ವರ್ಷ ಎಲ್ಲ ಕಡೆ ಇಳಿತ ಅಂತೆ. ನೀವು ಅಂಗಡಿ ಇಟ್ಟ ವಾರವೇ ಹೇಳಿದ್ದು."

ಮೈದುನ ಎಂದಿನಂತೆ ಅಂಗಡಿಯ ಬೆಂಚಿನಲ್ಲಿ ಕೂತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು!

"ಟೈಲರನಿಗೆ ಇಳಿತ, ನನಗೆ ಏರಿಕೆಯಾ? ದೇಶ ಎಷ್ಟುಂಟು ನಿಮ್ಮ ಹತ್ತಿರ?"

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿದರು. "ಅಣ್ಣ ಹೋದ ಮೇಲೆ ನೀವು ಹೊರಗೆ ಬಂದದ್ದೇ ಇಲ್ಲ. ಕೇಳಿದ್ದು ಅದೊಂದೇ ಸಲ. ಇಳಿತ ಅಂತ ಹೇಳಿದ್ದರೆ ಪುನಃ ಒಳಗೆ ಹೋಗ್ತಿದ್ದಿರಿ ಅಲ್ವಾ?"

"ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ ಹೇಳುದು?"

"ಆ ಒಂದು ದಿನ ರಜೆ ಹಾಕಿದ್ದೆ, ಅತ್ತಿಗೆ."

ಅಷ್ಟು ಹೇಳಿ, ದೇಶದ ವ್ಯಾಪಾರ ಹೇಗುಂಟು ನೋಡುವವರಂತೆ, ಲಾರಿಗಳನ್ನು ಗಮನಿಸಲು ರಸ್ತೆಯ ಕಡೆ ತಿರುಗಿದರು. ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ನಾನು ಸೌಟು ಕೆಳಗಿಟ್ಟು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಅವರೊಟ್ಟಿಗೆ ಆ ಖಾಲಿ ರಸ್ತೆಯನ್ನು ತುಂಬಾ ಹೊತ್ತು ನೋಡಿದೆ.