ಅತ್ತಿ ಬೋರ್ಡೂ ಒಂದು ತೆಂಗಿನಕಾಯೂ

ಅದೇ ಹೇಳಲಿಕತ್ತಿದ್ದೆ ನೋಡ್ರಿ, ತಪ್ಪು ಮಷೀನಿಂದೂ ಅಲ್ಲ, ತೆಂಗಿನಕಾಯಿದೂ ಅಲ್ಲ. ತಪ್ಪೆಲ್ಲಾ ನಮ್ಮ ಸೂರ್ಯಕಾಂತ ಕಾಕಾಂದು. ಉಮರ್ಗಾ ಪ್ಯಾಟ್ಯಾಗ ಅಷ್ಟು ದೊಡ್ಡ ಅರಿವಿ ಅಂಗಡಿ ಇಟಗೊಂಡು, ಗಾದಿ ಮ್ಯಾಲ ತಣ್ಣಗ ಕೂಡೂದು ಬಿಟ್ಟು, ಕೈಯಾಗ ಸ್ಕ್ರೂಡ್ರೈವರ್ ಹಿಡಿ ಅಂತ ಯಾವ ದೇವರು ಹೇಳಿದ್ದ ಅವರಿಗಿ?

ಆದ್ರ ಕಾಕಾಂದೂ ಒಂದು ಅಡಚಣಿ ಇತ್ತು ಬಿಡ್ರಿ. ಅವರ ಮಗಳು ಶುಭಾಂಗಿ ಲಗ್ನಾಗಿ ನಿಲಂಗಾಕ್ಕ ಹೋಗೂಮುಂದ ತನ್ನ ವಿಡಿಯೋ ಗೇಮಿನ ಡಬ್ಬಿ ತವರಮನ್ಯಾಗೇ ಬಿಟ್ಟು ಹೋದಳು. ಟೀವಿಗಿ ಹಚ್ಚಿ, ಡಿಸ್ಕ್ ಹಾಕಿ, ಕೈಯಾಗ ರಿಮೋಟ್ ಹಿಡದು ಆಡ್ತಾರಲ್ಲ, ಅದು. ಅದು ಯಾರ ಪಾಲಿಗಿ ಬಂತು ಅಂದ್ರ ಕಾಕಾರ ಅವ್ವ ಶಿವಗಂಗಾಬಾಯಿ ಪಾಲಿಗಿ. ಮೊದಲನೇ ದಿನ ಆಟದಾಗ ಕಾರು ಗ್ವಾಡಿಗಿ ಬಡದು ರಿಮೋಟ್ ಗುರ್ರ್ ಅಂತ ನಡುಗಿತು ನೋಡ್ರಿ, ಭೂಕಂಪ ಬಂತಂತ ತಿಳದು ಮನಿಮಂದಿನ್ನೆಲ್ಲಾ ಎಬ್ಬಿಸಿ ರಸ್ತಾದಾಗ ತಂದು ನಿಂದರಸಿದಳು. ಓಣಿ ಮಂದೀನೂ ಹೊರಗ ಬಂದ್ರು. ಒಮ್ಮೆ ಖರೇನೇ ಭೂಕಂಪ ಆಗಿ ಊರಿಗೂರೇ ಬಿದ್ದ ಸೀಮಿ ನಮ್ದು, ಆ ಮಾತಿಗಿ ಯಾರೂ ಯಾಕ ಅಂತ ಕೇಳಂಗಿಲ್ಲ, ಮೊದಲು ಹೊರಗ ಬರ್ತಾರ. ಕಡೀಕ ಶುಭಾಂಗಿ ಫೋನಿನ್ಯಾಗ ತಿಳಿಸಿ ಹೇಳಿದ ಮ್ಯಾಲೇ ಎಲ್ಲಾರೂ ಒಳಗ ಹೋದದ್ದು.

ಆಮ್ಯಾಲ ಮಾತ್ರ ಶಿವಗಂಗಾಬಾಯಿಗಿ ಕಾರಿನ ರೇಸಂದ್ರ ಪ್ರಾಣ ಆತು. ಮಧ್ಯಾಹ್ನ ಉಂಡು ಕುಂತಳಂದ್ರ ದೀಪ ಹಚ್ಚೂ ಹೊತ್ತಿನ ತನಕ ಏಳಂಗಿಲ್ಲ. ಆದ್ರ ಆಕಿ ಓಡಸೂ ರೀತಿನೇ ಬ್ಯಾರೆ. ಉಳದ ಕಾರೆಲ್ಲಾ ಭರ್ರಂತ ಹೋದ್ರ ಈಕಿ ಕಾರು ರಸ್ತಾದ ಬಾಜೂಕ ಎಮ್ಮಿ ಹೊಂಟಂಗ ಸಾವಕಾಶ. ಯಾಕಂದ್ರ, "ಹೋಗ್ಲಿ ಬಿಡು, ಅವರಿಗಿ ಎಲ್ಲ್ಯೋ ಲಗ್ನದ ಅಕ್ಕಿಕಾಳ ತಪ್ಪತಾವ" ಅಂತಾಳ. ದಿನಾ ಕಡೀ ನಂಬರ್, ದಿನಾ ಖುಷಿ. ಸೊಸಿ ದಾನೇಶ್ವರಿ ಕಾಕೂಗ ಅಡಿಗಿಮನಿ ಸ್ವತಂತ್ರ ಆತು, ಕಾಕಾಗ ಅಂಗಡಿ ಸ್ವತಂತ್ರ ಆತು. ಇಡೀ ಮನಿಗಿ ಶಾಂತಿ.

ಅಂಥಾ ಶಾಂತ್ಯಾಗ ಒಂದಿನ ಡಬ್ಬಿ ಕರ್‌ಕರ್ ಅಂತು, ಡಿಸ್ಕ್ ಓದೂದು ಬಿಡ್ತು. ಡಿಸ್ಕ್ ಹಾಕೂ ತಾಟು ಹೊರಗ ಬರೂದೂ ಬಿಡ್ತು. ಒಳಗಿನ ಡ್ರೈವ್ ಸತ್ತಿತ್ತು.

ಶಿವಗಂಗಾಬಾಯಿ ಕೈ ಖಾಲಿ ಆದವು. ಖಾಲಿ ಕೈ ಕಟಗೊಂಡು ಆಕಿ ಸೀದಾ ಅಂಗಡಿಗಿ ಬಂದು ಗಾದಿ ಮ್ಯಾಲ ಕುಂತಳು. ಕುಂತಾಕಿ ಸುಮ್ನ ಕುಂತಿದ್ರ ನಡೀತಿತ್ತು. ಖರೇ ಹೇಳಲಿಕ್ಕ ಸುರು ಮಾಡಿದಳು.

ಲಗ್ನಸರಾಯಿ ದಿನ, ಅಂದ್ರ ಲಗ್ನದ ಹಂಗಾಮು. ಗುಂಜೋಟಿ ಶಾಂತವೀರಪ್ಪ ಮಗಳ ಲಗ್ನದ ಬಸ್ತಾಕ್ಕ ಬಂದಿದ್ರು. ಬಸ್ತಾ ಅಂದ್ರ ಗೊತ್ತಲ್ಲ, ಎರಡೂ ಕಡಿ ಬೀಗರು ಕೂಡಿ ಬಂದು ಇಡೀ ಲಗ್ನದ ಅರಿವಿ ಒಂದೇ ಅಂಗಡ್ಯಾಗ ತಗೊಳ್ಳೂದು. ಅಂಥಾ ಒಂದು ಬಸ್ತಾ ಕೈತಪ್ತಂದ್ರ ಇಡೀ ಊರು ಕೈತಪ್ಪಿದಂಗ. ಕಾಕಾ ಮದುಮಗಳು ಉಡೂ ಒಂದು ಕೆಂಪು ಶಾಲೂ ಸೀರಿ ಬಿಡಿಸಿ ಹಾಸಿ, ಇದರ ಜರಿ ಮೊಮ್ಮಕ್ಕಳ ತನಕ ಹೊಳೀತದ ನೋಡ್ರಿ ಅಂದ್ರು.

"ಯಾರ ಮೊಮ್ಮಕ್ಕಳೋ?" ಅಂದಳು ಶಿವಗಂಗಾಬಾಯಿ. "ಹ್ವಾದ ವರ್ಷ ಇದೇ ಮಾಲು ನಾ ಉಟ್ಟಿಲ್ಲೇನು. ಎರಡನೇ ಸಲ ಒಗಿಯೂದ್ರಾಗ ಜರಿ ಎಲ್ಲಾ ನೀರಿಗಿ ಬಂತು. ನೀರು ಮಾತ್ರ ಭಾಳ ಛಂದ ಹೊಳೀತು ಶಾಂತವೀರಪ್ಪ."

ಬೀಗರು ಎರಡೂ ಕಡೀವರು ಎದ್ದು ಚಪ್ಪಲಿ ಹಾಕ್ಕೊಂಡ್ರು. ಅವತ್ತೇ ಕಾಕಾ ಶಪಥ ಮಾಡಿದ್ರು. ಅವ್ವನ್ನ ಮತ್ತ ಟೀವಿ ಮುಂದ ಕೂಡಸದಿದ್ರ ಈ ಸರಾಯಿ ಮುಗಿಯೂದ್ರಾಗ ಅಂಗಡಿಗಿ ಕೀಲಿ ಬೀಳ್ತದ.

ಡಬ್ಬಿ ಹೊತ್ಗೊಂಡು ಉದಗೀರಕ್ಕ ಹೋದ್ರು. ಅಲ್ಲಿ ವೈಜಿನಾಥ ಅಂತ ಒಬ್ಬಾಂವ, ಇಂಥಾ ಮಷೀನ್ ರಿಪೇರಿ ಮಾಡಾಂವ. ಬಾಯಿ ತೆರದ್ರ ಮರಾಠಿ, ಅದೂ ಸಿಟ್ಟಿಲೆ. ಬಿಟ್ಟು ಹೋಗ್ರಿ, ಲಗ್ನಸರಾಯಿ ಮುಗದ ಮ್ಯಾಲ ನೋಡ್ತೀನಿ ಅಂದ. (ಅವನ ತಂಗೀದೂ ಲಗ್ನ ಇತ್ತಂತ. ಬಸ್ತಾ ಎಲ್ಲಿ ಅಂತ ಕಾಕಾ ಮೆಲ್ಲಕ ಕೇಳಿದ್ರು, ಅಂವಾ ಹೇಳಲಿಲ್ಲ.) ಕಾಕಾಗ ಅಷ್ಟು ದಿನ ಎಲ್ಲಿಂದ ಬರಬೇಕು? ಬ್ಯಾರೆ ಸತ್ತ ಮಷೀನಿಂದ ಬಿಚ್ಚಿದ್ದೊಂದು ಡ್ರೈವ್ ತಗೊಂಡು, ನಾನೇ ಹಾಕ್ತೀನಂತ ಎಸ್ಟೀ ಹತ್ತಿದ್ರು. ವೈಜಿನಾಥ ಬಸ್ಸಿನ ಕಿಡಕಿ ತನಕ ಬಂದು ಒಂದೇ ಮಾತು ಹೇಳಿ ಕಳಿಸಿದ್ದ. ಹಳೇ ಡ್ರೈವಿನ ಹೊಟ್ಟ್ಯಾಗ ಒಂದು ಹಸರು ಬೋರ್ಡ್ ಇರ್ತದ, ಅದನ್ನ ಬಿಚ್ಚಿ ಹೊಸಾದಕ್ಕ ಹಾಕಬೇಕು. ಇಲ್ಲಂದ್ರ ಮದರ್‌ಬೋರ್ಡ್ ಹೊಸಾ ಡ್ರೈವ್ ತಗೊಳ್ಳಂಗಿಲ್ಲ.

ಮನಿಗಿ ಬಂದು ಕಾಕಾ ಇದನ್ನ ದೊಡ್ಡ ಇಂಜಿನಿಯರ್ ಧಾಟ್ಯಾಗ ಹೇಂತಿಗಿ ಹೇಳಿದ್ರು.

"ಅಂದ್ರ ಮೊದಲಿಂದ ಗುರುತಿದ್ದದ್ದು ಇರದಿದ್ರ ಹೊಸಬರನ್ನ ಮನ್ಯಾಗ ತಗೊಳ್ಳಂಗಿಲ್ಲ ಅನ್ರಿ" ಅಂದ್ರು ಕಾಕೂ.

"ಹಾಂ."

"ಎಷ್ಟು ಛಲೋ ಮಾಡಿದ್ರೂ ತಪ್ಪು ಹುಡುಕತದ."

"ಹಾಂ."

"ಮತ್ತ ಅದಕ್ಕ ಅತ್ತಿ ಬೋರ್ಡ್ ಅನ್ರಿ, ಮದರ್ ಯಾಕ ಅಂತೀರಿ."

ಒಳಗಿಂದ ಶಿವಗಂಗಾಬಾಯಿ ಕೆಮ್ಮಿದಳು.

ಐತ್ವಾರ ಮುಂಜಾನಿ ಪಡಸಾಲಿ ಫರಸಿ ಮ್ಯಾಲ ಚಾದರ ಹಾಸಿ ಶಸ್ತ್ರಕ್ರಿಯಾ ಸುರು ಆತು. ಬಿಚ್ಚಿದ ಸ್ಕ್ರೂ ಎಲ್ಲಾ ಚಹಾದ ಬಶ್ಯಾಗ. (ಕಾಕೂ ಅದೇ ಬಶಿ ಮ್ಯಾಲ ಕಪ್ಪಿಟ್ಟು ಚಹಾ ತಂದದ್ದು, ಕಾಕಾ ಚಹಾ ಬಶಿಗಿ ಸುರದು ಸುರ್ ಅಂತ ಎಳದದ್ದು, ಆಮ್ಯಾಲ ಉಗುಳಿ ಎಣಿಸಿದ್ದು, ಅದು ಬ್ಯಾರೆನೇ ಕಥಿ.) ಮ್ಯಾಲಿನ ಮುಚ್ಚಳ ಎಬ್ಬಸೂಮುಂದ ಠಕ್ ಅಂತ ಒಂದು ಆವಾಜ್ ಬಂತು. ಎರಡೂ ಕೈ ಮಷೀನಿನ್ಯಾಗ, ಹಂಗಾಗಿ ಫೋನ್ ನೆಲದ ಮ್ಯಾಲಿಟ್ಟು ಎಲ್ಲಾರಿಗೂ ಕೇಳೂಹಂಗ ಮಾಡಿ ವೈಜಿನಾಥಗ ಹಚ್ಚಂತ ಕಾಕೂಗ ಹೇಳಿದ್ರು.

ವೈಜಿನಾಥ ಫೋನ್ ಎತ್ತಿದಾಂವನೇ, "ಕಾಯ್ ಫೋಡ್ಲ?" ಅಂದ.

ಮರಾಠ್ಯಾಗ ಅದಕ್ಕ 'ಏನು ಒಡದ್ರಿ' ಅಂತ ಅರ್ಥ. ಶಿವಗಂಗಾಬಾಯಿಗಿ ಮರಾಠಿ ಬರಂಗಿಲ್ಲಂತಲ್ಲ, ಪ್ಯಾಟ್ಯಾಗ ಭಾಜಿಪಾಲೆ ಎಲ್ಲಾ ಮರಾಠ್ಯಾಗೇ ತರ್ತಾಳ. ಆದ್ರ ದೇವರ ಸಾಮಾನಿನ ಹೆಸರು ಬಂತಂದ್ರ ಆಕಿ ಕಿವಿ ತಾನೇ ಕನ್ನಡ ಆಗ್ತಾವ. ಆಕಿಗಿ ಕೇಳಿಸಿದ್ದು, 'ಕಾಯಿ ಒಡದ್ರೇನು?'

"ಕಾಹೀ ನಾಹೀ ಫೋಡ್ಲ" ಅಂದ್ರು ಕಾಕಾ, ಏನೂ ಒಡದಿಲ್ಲಂತ.

"ಕಾಯಿನೇ ಒಡದಿಲ್ಲ? ಅದಕ್ಕೇ" ಅಂದಳು ಶಿವಗಂಗಾಬಾಯಿ. "ಉದಗೀರದಾಗ ಕುಂತಾಂವಗ ತಿಳೀತು, ಮನ್ಯಾಗಿದ್ದವರಿಗಿ ತಿಳೀಲಿಲ್ಲ."

ಎದ್ದು ದೇವರಮನಿಗಿ ಹೋದಳು. ಕಾಕಾ ಹಸರು ಬೋರ್ಡಿನ ಪಟ್ಟಿ ತೂರಿಸೂದ್ರಾಗ ಕಣ್ಣು ಕಿರಿದು ಮಾಡಿ ಕುಂತಿದ್ರು, ನೋಡಲಿಲ್ಲ. ಶಿವಗಂಗಾಬಾಯಿ ಬಂದು ಹೊಸಾ ಡ್ರೈವಿಗಿ ಮೂರು ಎಳಿ ವಿಭೂತಿ ಎಳದು, ಕಾಯಿ ಎತ್ತಿ, ಕಾಕಾರ ಮೊಣಕಾಲಿನ ಬಾಜೂಕ ಫರಸಿಗಿ ಧಡ್ ಅಂತ ಹೊಡದಳು. ಕಾಯಿ ಭಾಳ ಛಲೋ ಇತ್ತು. ತುಂಬಾ ನೀರು. ಅರ್ಧ ಕಾಕಾರ ಮಾರಿಗಿ, ಅರ್ಧ ತೆರದ ಮಷೀನಿಗಿ.

"ಆತಾ ಕಾಯ್ ಫೋಡ್ಲ?" ಅಂತ ಫೋನ್ ಒದರಿತು, ಈಗೇನು ಒಡದ್ರಿ ಅಂತ.

ಶಿವಗಂಗಾಬಾಯಿ ಫೋನಿನ ಹತ್ರ ಬಗ್ಗಿ ಭಕ್ತಿಲೆ ಹೇಳಿದಳು. "ಹೂಂ ಬಾಬಾ, ಫೋಡ್ಲ. ಪೂರಾ ಫೋಡ್ಲ."

ವೈಜಿನಾಥ ಫೋನ್ ಇಟ್ಟ. ಆಮ್ಯಾಲ ಎಷ್ಟು ಹಚ್ಚಿದ್ರೂ ಎತ್ತಲಿಲ್ಲ.

ಮಷೀನನ್ನ ಮಾಳಗಿ ಮ್ಯಾಲ ಶಾಂಡಿಗಿ ಬಾಜೂಕ ಬಿಸಲಿಗಿಟ್ರು. ಆಮ್ಯಾಲ ಜ್ವಾಳದ ಡಬ್ಬ್ಯಾಗ ಹುಗದ್ರು. ಕಾಕಾ ಅಂಗಡಿಗಿ ಹೋದಾಗೆಲ್ಲಾ ಅದೇ ಚಿಂತಿ, ಗಾದಿ ಮ್ಯಾಲ ಅವ್ವ, ಅವ್ವನ ಬಾಯಾಗ ಖರೇ. ಕಡೀಕ ಒಣಗಿದ ಮಷೀನಿಂದ ಜ್ವಾಳ ಝಾಡಿಸಿ ಜೋಡಿಸಿದ್ರು. ಬಶ್ಯಾಗ ಸ್ಕ್ರೂ ಉಳದವು. ಕಂಪನಿಯವರೇ ಹೆಚ್ಚಿಗಿ ಹಾಕಿದ್ರು ಅಂದ್ರು ಕಾಕಾ. ಬಟನ್ ಒತ್ತಿದ್ರು, ದೀಪ ಹತ್ತಿತು, ತಾಟು ಮಾತ್ರ ಬರಲಿಲ್ಲ. ಕಾಕಾ ತಟ್ಟಿದ್ರು, ಊದಿದ್ರು, ಕೈಮುಗದ್ರು.

ಶಿವಗಂಗಾಬಾಯಿ ಇನ್ನೊಂದು ಕಾಯಿ ತಂದು, ಈ ಸಲ ಜರಾ ದೂರ, ಫರಸಿಗಿ ಹೊಡದಳು. ತಾಟು ಸರ್ ಅಂತ ಹೊರಗ ಬಂತು, ಪ್ರಸಾದಕ್ಕ ಕೈ ಒಡ್ಡಿದಂಗ. ಆಕಿ ಅದರ ಮ್ಯಾಲ ಒಂದು ಹೋಳು ಕೊಬ್ಬರಿ ಇಟ್ಟಳು. ಕಾಕೂ ತಗದ್ರು.

ಅವತ್ತಿಂದ ಹಂಗೇ. ಕಾಯಿ ಒಡದ್ರಷ್ಟೇ ತಾಟು ತೆರೀತದ. ಕಾಕಾ ಕಲ್ಲು ಬಡದು ನೋಡಿದ್ರು, ಒನಕಿ ಕುಟ್ಟಿ ನೋಡಿದ್ರು. ಇಲ್ಲ. ಕಾಯಿನೇ ಬೇಕದಕ್ಕ.

ಇರಲಿ, ಅವ್ವಗ ಆಟ ಸಿಕ್ತು, ನನಗ ಅಂಗಡಿ ಸಿಕ್ತು ಅಂತ ಮರುದಿನ ಕಾಕಾ ಅತ್ತರ ಹಚಗೊಂಡು ಹೋದ್ರ, ಅಂಗಡಿ ಮುಂದ ಗುಂಜೋಟಿ ಶಾಂತವೀರಪ್ಪ, ಹಿಂದ ಎರಡೂ ಕಡಿ ಬೀಗರು. ಕಾಕಾ ಗಡಿಬಿಡಿಲೆ ಶಾಲೂಕ್ಕ ಕೈ ಹಾಕಿದ್ರು.

"ನೀ ಸುಮ್ನಿರೋ ಸೂರ್ಯಕಾಂತ" ಅಂದ್ರು ಶಾಂತವೀರಪ್ಪ. "ಇಡೀ ಪ್ಯಾಟಿ ತಿರುಗಿ ಬಂದೀವಿ. ಎಲ್ಲಾ ಅಂಗಡ್ಯಾಗೂ ಜರಿ ಮೊಮ್ಮಕ್ಕಳ ತನಕ ಹೊಳೀತದಂತ. ಹೊಳಿಯಂಗಿಲ್ಲ ಅಂದಾಕಿ ನಿಮ್ಮವ್ವ ಒಬ್ಬಾಕಿ. ಆಕಿನ್ನ ಕರಿ."

ಕರದ್ರು. ಆಕಿ ಬಂದಳು, ಇದು ಬ್ಯಾಡ, ಅದು ಸುಳ್ಳು, ಇದು ತಗೋ ಅಂತ ಅರ್ಧ ಮಾಲು ಬೈದು ಅರ್ಧ ಮಾಲು ಮಾರಿದಳು. ಆ ಸುದ್ದಿ ಲೋಹಾರಾಕ್ಕ ಹೋತು, ಮಾಕಣಿಗಿ ಹೋತು. ಈಗ ಗಿರಾಕಿ ಬಂದು ಮೊದಲು ಆಯಿ ಅದಾಳೇನು ಅಂತ ಕೇಳ್ತಾರ. ಕಾಕಾ ಬಾಯಿ ತೆರದ್ರ ಚಪ್ಪಲಿ ಹುಡುಕತಾರ. ಕಡೀಕ ಶಿವಗಂಗಾಬಾಯಿನೇ ಮಗನ ಬೆನ್ನ ಮ್ಯಾಲ ಕೈಯಾಡಿಸಿ ಹೇಳಿದಳು. "ಸೂರ್ಯಾ, ನೀ ಮನಿಗಿ ಹೋಗಪ್ಪಾ. ಆ ಡಬ್ಬಿ ಖಾಲಿ ಕುಂತದ. ದಿನಾ ನಡಸದಿದ್ರ ಮತ್ತ ಕೆಡ್ತದ."

ಈಗ ಮಧ್ಯಾಹ್ನ ಉಂಡು ಕುಂತ್ರ ದೀಪ ಹಚ್ಚೂ ತನಕ ಕಾಕಾನೇ ಟೀವಿ ಮುಂದ. ಅತ್ತಿ ರಸ್ತಾದ ಮ್ಯಾಲರೆ ಇರ್ತಿದ್ರು, ಇವರು ಬರೇ ಗ್ವಾಡಿಗೇ ಹೋಗ್ತಾರ ಅಂತ ಕಾಕೂ ಕೊಬ್ಬರಿ ಚಟ್ನಿ ಅರಕೋತ ಬೈತಾರ. ಮುಂಜಾನಿ ಕೊಬ್ಬರಿ ಚಟ್ನಿ, ಸಂಜಿಗಿ ಕೊಬ್ಬರಿ ವಡಿ.

ಸುಳ್ಳನಸ್ತಿದ್ರ ಉಮರ್ಗಾಕ್ಕ ಬರ್ರಿ. ಸೀರಿ ಬೇಕಂದ್ರ ಅಂಗಡಿಗಿ ಹೋಗ್ರಿ, ಶಿವಗಂಗಾಬಾಯಿ ಖರೇ ಹೇಳ್ತಾಳ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಾಕಾಗ ಭೆಟ್ಟಿ ಆಗಬೇಕಂದ್ರ ಸೀದಾ ಮನಿಗಿ ಹೋಗ್ರಿ. ಹೋಗೂಮುಂದ ಖಾಲಿ ಕೈಲೆ ಮಾತ್ರ ಹೋಗಬ್ಯಾಡ್ರಿ, ಒಂದು ಛಲೋ ತೆಂಗಿನಕಾಯಿ ಒಯ್ರಿ. ಪಾಪ, ಮುಂಜಾನಿಂದ ಡಿಸ್ಕ್ ಬದಲ ಮಾಡಬೇಕಂತ ಕುಂತಾರ.